ಹತ್ತನೆಯ ತರಗತಿಯ ಆಚೆ ಅಂಗವಿಕಲ ಮಕ್ಕಳ ಕಡತ ಯಾರ ಮೇಜಿನ ಮೇಲಿದೆ?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ತಮ್ಮ ಪತ್ರಿಕೆಯೂ ಸೇರಿದಂತೆ ಬಹುತೇಕ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ, ಬರಹಗಾರರ ನೆರವು ಪಡೆದು ಪರೀಕ್ಷೆ ಬರೆದ ಅಂಧ ವಿದ್ಯಾರ್ಥಿಯೊಬ್ಬನದೋ, ಗಾಲಿಕುರ್ಚಿಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಬಂದ ವಿದ್ಯಾರ್ಥಿನಿಯೊಬ್ಬಳದೋ ಭಾವಚಿತ್ರ ಅಚ್ಚಾಗುತ್ತದೆ. ಆ ಸುದ್ದಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಹುಡುಗ, ಅದೇ ಹುಡುಗಿ ಮರುವರ್ಷದ ಜೂನ್ ತಿಂಗಳಲ್ಲಿ ಎಲ್ಲಿದ್ದಾರೆ, ಇಪ್ಪತ್ತು ತುಂಬಿದಾಗ ಏನು ಮಾಡುತ್ತಿದ್ದಾರೆ ಎಂಬ ಸುದ್ದಿ ಓದಿದ್ದು ಅಪರೂಪ. ಇದಕ್ಕೆ ಪತ್ರಿಕೆಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಆ ಪ್ರಶ್ನೆಯನ್ನು ಯಾವ ಅಧಿಕಾರಿಯ ಮುಂದೆ ಇಟ್ಟರೂ ‘ಅದು ನಮ್ಮ ಇಲಾಖೆಗೆ ಬರುವುದಿಲ್ಲ’ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಬಹುದಾದ ಸ್ಥಿತಿ ಇದೆ. ಈ ಪತ್ರ ಆ ಸ್ಥಿತಿಯನ್ನು ಕುರಿತದ್ದು.

6ರಿಂದ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಸಿಗಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿತು. 2016ರಲ್ಲಿ ಅಂಗೀಕಾರಗೊಂಡು 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು, ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು 18ನೇ ವಯಸ್ಸಿನವರೆಗೆ ವಿಸ್ತರಿಸಿತು. ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಸಲಕರಣೆಗಳನ್ನೂ ಅದೇ ವಯಸ್ಸಿನವರೆಗೆ ಉಚಿತವಾಗಿ ಕೊಡಬೇಕೆಂದಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ, ಸರ್ಕಾರಿ ಹುದ್ದೆಗಳಲ್ಲಿ ಶೇ 4ಕ್ಕೆ ಕಡಿಮೆಯಿಲ್ಲದ ಮೀಸಲಾತಿ, ಇವೂ ಅದೇ ಕಾಯ್ದೆಯಲ್ಲಿವೆ. ಶಾಲೆಗೆ ಸೇರುವ ಹಕ್ಕೂ ಇದೆ, ನೌಕರಿಯಲ್ಲಿ ಪಾಲೂ ಇದೆ. ಶಾಲೆ ಬಿಟ್ಟ ದಿನದಿಂದ ನೌಕರಿಗೋ ಸ್ವಂತ ಉದ್ಯೋಗಕ್ಕೋ ಅರ್ಜಿ ಹಾಕುವ ದಿನದವರೆಗೆ ಈ ಹುಡುಗರ ಜೊತೆ ಯಾರಿರಬೇಕು ಎಂಬುದನ್ನು ಮಾತ್ರ ಯಾವ ಸೆಕ್ಷನ್ನೂ ಹೇಳುವುದಿಲ್ಲ. ಪ್ರತಿಯೊಬ್ಬ ಅಂಗವಿಕಲ ವಿದ್ಯಾರ್ಥಿಯ ಪಾಲ್ಗೊಳ್ಳುವಿಕೆ, ಪ್ರಗತಿ ಮತ್ತು ಶಿಕ್ಷಣದ ಪೂರ್ಣಗೊಳಿಸುವಿಕೆಯ ಮೇಲೆ ನಿಗಾ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಶಿಕ್ಷಣ ಪೂರ್ಣಗೊಂಡಿತೆಂದು ದಾಖಲಾದ ದಿನವೇ ಆ ನಿಗಾ ಮುಗಿಯುತ್ತದೆ.

ಪ್ರೌಢಶಾಲೆಯಲ್ಲಿ ದೀರ್ಘಕಾಲ ಕೆಲಸ ಮಾಡಿದವನಾದ್ದರಿಂದ ಶಾಲೆಯ ಕಡೆಯ ವ್ಯವಸ್ಥೆಯನ್ನು ನಾನು ಹತ್ತಿರದಿಂದ ಬಲ್ಲೆ. ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಬ್ಲಾಕ್‌ನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಇಲಾಖೆಯ ಮಾತಿನಲ್ಲಿ ಅವರು ಬಿ.ಐ.ಇ.ಆರ್.ಟಿ.ಗಳು. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವವರೂ, ಪ್ರತಿ ಮಗುವಿಗೂ ವೈಯಕ್ತಿಕ ಶೈಕ್ಷಣಿಕ ಯೋಜನೆ ಬರೆಯುವವರೂ ಇವರೇ. ಮನಸ್ಸಿಟ್ಟು ಕೆಲಸ ಮಾಡಿದವರ ಆ ಕಡತಗಳನ್ನು ಒಮ್ಮೆ ತೆರೆದು ನೋಡಬೇಕು. ಒಬ್ಬ ಹುಡುಗನಿಗೆ ದಪ್ಪ ಅಕ್ಷರದಲ್ಲಿ, ಬೆಳಕು ಎಡಗಡೆಯಿಂದ ಬಿದ್ದರೆ ಮಾತ್ರ ಓದಲು ಬರುತ್ತದೆ. ಒಬ್ಬಳು ನೂರರ ನೋಟಿನವರೆಗೆ ಹಣದ ಲೆಕ್ಕ ಹಿಡಿಯಬಲ್ಲಳು, ಚಿಲ್ಲರೆ ವಾಪಸು ಎಣಿಸುವಾಗ ತಪ್ಪುತ್ತಾಳೆ. ಇನ್ನೊಬ್ಬನಿಗೆ ಗದ್ದಲದಲ್ಲಿ ಗಾಬರಿಯಾಗುತ್ತದೆ, ಆದರೆ ಒಂದೇ ಕೆಲಸವನ್ನು ಗಂಟೆಗಟ್ಟಲೆ ತಪ್ಪಿಲ್ಲದೆ ಮಾಡುತ್ತಾನೆ. ಕೆಲಸ ಕೊಡುವವನಿಗೆ, ತರಬೇತಿ ಕೊಡುವವನಿಗೆ ಬೇಕಾದ ಮಾಹಿತಿ ಇದಕ್ಕಿಂತ ಬೇರೆ ಯಾವುದಿದೆ? ಹತ್ತನೆಯ ತರಗತಿ ಮುಗಿದಾಗ ಮಗುವಿನ ಕೈಗೆ ಬರುವುದು ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರ. ವರ್ಗಾವಣೆ ಪತ್ರದಲ್ಲಿ ಹೆಸರು, ಹುಟ್ಟಿದ ದಿನಾಂಕ, ಜಾತಿ, ಕೊನೆಯದಾಗಿ ಓದಿದ ತರಗತಿ ಇರುತ್ತವೆ. ಮೇಲೆ ಹೇಳಿದ ಕಡತ ಶಾಲೆಯ ಬೀರುವಿನಲ್ಲಿಯೋ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿಯೋ ಉಳಿದು, ಕೆಲವು ವರ್ಷಗಳ ನಂತರ ಹಳೆಯ ಉತ್ತರ ಪತ್ರಿಕೆಗಳ ಜೊತೆ ವಿಲೇವಾರಿಯಾಗುತ್ತದೆ.

ಶಾಲೆಯ ಗೇಟಿನ ಆಚೆ ಒಂದಲ್ಲ, ಆರೇಳು ಕಚೇರಿಗಳಿವೆ. ಪಿಯು ಕಾಲೇಜು ಶಾಲಾ ಶಿಕ್ಷಣ ಇಲಾಖೆಯದಾದರೂ ಅದರ ನಿರ್ದೇಶನಾಲಯ ಬೇರೆ. ಐಟಿಐ ಕೌಶಲ್ಯಾಭಿವೃದ್ಧಿ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಮಾಸಾಶನ ಕಂದಾಯ ಇಲಾಖೆಯದು, ಅದಕ್ಕೆ ನಾಡಕಚೇರಿಗೆ ಹೋಗಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಬೇಕಾದ ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಬಸ್ ಪಾಸು ಸಾರಿಗೆ ನಿಗಮದಲ್ಲಿ. ಸಾಲ, ಸಲಕರಣೆ, ಸ್ವಯಂ ಉದ್ಯೋಗದ ಯೋಜನೆಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ. ಇವೆಲ್ಲವೂ ಎದುರಾಗುವುದು 16ರಿಂದ 18 ವರ್ಷದ ನಡುವಿನ ಅದೇ ಕಿರಿದಾದ ಅವಧಿಯಲ್ಲಿ. ಸಾಲದೆಂಬಂತೆ, ಬೌದ್ಧಿಕ ಅಸಾಮರ್ಥ್ಯ ಅಥವಾ ನಿರ್ದಿಷ್ಟ ಕಲಿಕಾ ನ್ಯೂನತೆ ಇರುವವರು 18 ತುಂಬಿದಾಗ ಮತ್ತೊಮ್ಮೆ ತಪಾಸಣೆಗೆ ಒಳಗಾಗಿ ಪ್ರಮಾಣಪತ್ರವನ್ನು ನವೀಕರಿಸಿಕೊಳ್ಳಬೇಕು. ಶಾಲೆಯ ಸಹಾಯ ನಿಂತ ಮೇಲೆ, ಕಾಗದಪತ್ರಗಳ ಓಡಾಟ ಅತಿ ಹೆಚ್ಚಾಗುವ ಕಾಲ ಇದು. ಓಡಾಡುವವರು ಯಾರೆಂದರೆ, ಬಹುಪಾಲು ಮನೆಗಳಲ್ಲಿ, ದಿನಗೂಲಿ ಬಿಟ್ಟು ಬರಬೇಕಾದ ತಾಯಿ.

ನಮ್ಮ ತಾಲ್ಲೂಕಿನ ಒಂದು ಕುಟುಂಬದ ಜೊತೆ ಬ್ಯಾಂಕಿಗೆ ಹೋಗಿದ್ದೆ. ಬೌದ್ಧಿಕ ಅಸಾಮರ್ಥ್ಯವಿರುವ ಮಗಳ ಮಾಸಾಶನ ಅಲ್ಲಿಯವರೆಗೆ ತಾಯಿಯ ಪೋಷಕತ್ವದಲ್ಲಿದ್ದ ಖಾತೆಗೆ ಬರುತ್ತಿತ್ತು. ಮಗಳಿಗೆ 18 ತುಂಬಿತು. ಅಪ್ರಾಪ್ತರ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸಬೇಕಾಯಿತು. ಕೌಂಟರಿನಲ್ಲಿದ್ದವರು ಒರಟಾಗಿ ಮಾತನಾಡಲಿಲ್ಲ. ‘ಹುಡುಗಿಗೆ ಸಹಿ ಮಾಡಾಕ ಬರತೈತೇನ್ರೀ?’ ಎಂದು ತಾಯಿಯನ್ನು ಕೇಳಿದರು. ಪಕ್ಕದಲ್ಲಿಯೇ ನಿಂತಿದ್ದ ಮಗಳನ್ನು ಕೇಳಲಿಲ್ಲ. ‘ಹೆಸರು ಬರೀತಾಳ್ರೀ, ಸಾಲ್ಯಾಗ ಕಲಿಸ್ಯಾರ’ ಎಂದು ತಾಯಿ ಹೇಳಿದರು. ಹುಡುಗಿ ಪೆನ್ನು ತೆಗೆದುಕೊಂಡು ತನ್ನ ಹೆಸರಿನ ಮೂರೂ ಅಕ್ಷರಗಳನ್ನು, ಅರ್ಜಿಯ ಚೌಕದೊಳಗೆ ಕೂರದಷ್ಟು ದೊಡ್ಡದಾಗಿ, ಸರಿಯಾಗಿ ಬರೆದಳು. ವ್ಯವಸ್ಥಾಪಕರು ಅದನ್ನು ನೋಡಿ, ಪ್ರಮಾಣಪತ್ರವನ್ನೂ ನೋಡಿ, ಕಾನೂನುಬದ್ಧ ಪಾಲಕತ್ವದ ಆದೇಶ ತಂದರೆ ಮಾತ್ರ ಖಾತೆ ಮುಂದುವರಿಯುತ್ತದೆ ಎಂದು ಕಳಿಸಿಬಿಟ್ಟರು.

ಆ ಆದೇಶ ಕೊಡುವುದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ರಚನೆಯಾದ ಸ್ಥಳೀಯ ಮಟ್ಟದ ಸಮಿತಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ರೂಪಿಸಿದ ಕಾಯ್ದೆ ಅದು. ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವಿಕಲ ವ್ಯಕ್ತಿಯೊಬ್ಬರು ಇರುತ್ತಾರೆ. ಸಮಿತಿ ಸಭೆ ಸೇರುವವರೆಗೆ ಕಾಯಬೇಕು, ಅಲ್ಲಿಯವರೆಗೆ ಖಾತೆಯ ಹಣ ಮುಟ್ಟುವಂತಿಲ್ಲ. ಈ ವಿಷಯ ಆ ತಾಯಿಗೆ ಎರಡು ವರ್ಷ ಮೊದಲೇ ಗೊತ್ತಾಗಿದ್ದರೆ, ಅಥವಾ ಮನೆಗೆ ಬರುತ್ತಿದ್ದ ಶಿಕ್ಷಕಿ ಒಂದು ಮಾತು ಹೇಳುವ ವ್ಯವಸ್ಥೆ ಇದ್ದಿದ್ದರೆ, ಅಷ್ಟು ತಿಂಗಳ ಕಷ್ಟ ತಪ್ಪುತ್ತಿತ್ತು. ಇನ್ನೂ ಒಂದು ಮಾತು ಹೇಳಲೇಬೇಕು. ತನ್ನ ಹೆಸರು ಬರೆಯಬಲ್ಲ, ಮಾಸಾಶನದ ಹಣದಲ್ಲಿ ಬಳೆ ಬೇಕೆಂದು ಕೇಳಬಲ್ಲ ಹುಡುಗಿಗೆ ಸಂಪೂರ್ಣ ಪಾಲಕತ್ವ ಅಗತ್ಯವಿದೆಯೇ ಎಂದು ಯಾರೂ ವಿಚಾರಿಸಲಿಲ್ಲ. 2016ರ ಕಾಯ್ದೆಯ 14ನೇ ಸೆಕ್ಷನ್ ಹೇಳುವುದು, ವ್ಯಕ್ತಿಯ ಜೊತೆ ಸಮಾಲೋಚಿಸಿ ತೀರ್ಮಾನ ತೆಗೆದುಕೊಳ್ಳುವ ಸೀಮಿತ ಪಾಲಕತ್ವವನ್ನು. ವಯಸ್ಕರ ಹಕ್ಕುಗಳು ಕೈಗೆ ಬರಬೇಕಾದ ದಿನ ನಮ್ಮ ಈ ಯುವಜನರ ಮುಂದೆ ಮೊದಲು ಬರುವುದು, ಆ ಹಕ್ಕುಗಳನ್ನು ಇನ್ನೊಬ್ಬರಿಗೆ ಬರೆದುಕೊಡುವ ಅರ್ಜಿ.

ಇವರನ್ನು ಹುಡುಕಿ ತಲುಪುವುದು ಆಡಳಿತಕ್ಕೆ ಕಷ್ಟ ಎಂಬ ಮಾತನ್ನು ನಾನು ಒಪ್ಪಲಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲಿಯೇ ಮತ ಹಾಕುವ ಅವಕಾಶ ಕಲ್ಪಿಸಿದಾಗ, ಮತಪೆಟ್ಟಿಗೆ ಹಿಡಿದ ಸಿಬ್ಬಂದಿ ಗುಡ್ಡದ ಮೇಲಿನ ಒಂಟಿ ಮನೆಗಳಿಗೂ ಹೋಗಿ ಬಂದರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಅಂದು ಸಿದ್ಧವಾಗಿತ್ತು. ಶಾಲಾ ಮಕ್ಕಳ ಪಟ್ಟಿ ಅದಕ್ಕಿಂತ ಸುಲಭ. ಒಂದನೆಯ ತರಗತಿಯಿಂದಲೇ ಪ್ರತಿ ಮಗುವಿಗೂ ಸ್ಯಾಟ್ಸ್ ಎಂಬ ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯ ಸಂಖ್ಯೆ ಇದೆ, ವಿಶೇಷ ಅಗತ್ಯವುಳ್ಳ ಮಗುವೇ ಎಂಬುದೂ ಅಲ್ಲಿ ದಾಖಲಾಗುತ್ತದೆ. ಯಾವ ತಾಲ್ಲೂಕಿನಿಂದ ಯಾವ ವರ್ಷ ಎಷ್ಟು ಅಂಗವಿಕಲ ಮಕ್ಕಳು ಶಾಲೆ ಬಿಟ್ಟು ಹೊರಬರುತ್ತಾರೆ ಎಂಬುದು ಇಲಾಖೆಗೆ ಎರಡು ಮೂರು ವರ್ಷ ಮುಂಚೆಯೇ ಗೊತ್ತಿರುತ್ತದೆ.

ಹತ್ತನೆಯ ತರಗತಿ ಪಾಸಾದವರ ಕಥೆ ಬೇರೆ ರೀತಿಯದು. ಶ್ರವಣದೋಷವುಳ್ಳ ಹುಡುಗನೊಬ್ಬ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಸನ್ನೆ ಭಾಷೆಯಲ್ಲಿ ಓದಿ, ಭಾಷಾ ವಿಷಯದ ವಿನಾಯಿತಿ ಪಡೆದು ಎಸ್ಸೆಸ್ಸೆಲ್ಸಿ ಮುಗಿಸುತ್ತಾನೆ. ಊರಿಗೆ ಮರಳಿ ಹತ್ತಿರದ ಪಿಯು ಕಾಲೇಜಿಗೆ ಸೇರಿದರೆ ಅಲ್ಲಿ ಸನ್ನೆ ಭಾಷೆ ಬಲ್ಲ ಒಬ್ಬರೂ ಇಲ್ಲ. ಐಟಿಐನಲ್ಲಿ ಫಿಟ್ಟರ್ ಟ್ರೇಡಿಗೆ ಸೇರಿದ ಅಂಥ ಒಬ್ಬನನ್ನು ನಾನು ಬಲ್ಲೆ. ಬೋಧಕರು ಕಪ್ಪು ಹಲಗೆಯ ಕಡೆ ಮುಖ ಮಾಡಿಕೊಂಡು ಪಾಠ ಹೇಳುತ್ತಿದ್ದರು, ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಅವಕಾಶವೂ ಅವನಿಗಿರಲಿಲ್ಲ. ಕೈಕೆಲಸದಲ್ಲಿ ಆತ ತರಗತಿಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಥಿಯರಿಯಲ್ಲಿ ಫೇಲಾಗಿ ಬಿಟ್ಟ. ಈಗ ಅಣ್ಣನ ಜೊತೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಅದು ಕೀಳು ಕೆಲಸವಲ್ಲ, ಆದರೆ ಅದು ಅವನು ಆರಿಸಿಕೊಂಡದ್ದೂ ಅಲ್ಲ. ವಿಕಲಚೇತನರಿಗಾಗಿಯೇ ಮೈಸೂರಿನಲ್ಲಿ ಜೆ.ಎಸ್‌.ಎಸ್‌. ಪಾಲಿಟೆಕ್ನಿಕ್ ಇದೆ ಎಂಬುದು ಅವನ ಮನೆಯವರಿಗೆ ತಿಳಿದದ್ದು ಆತ ಐಟಿಐ ಬಿಟ್ಟ ಮೇಲೆ. 1959ರಿಂದ ಬೆಂಗಳೂರಿನಲ್ಲಿ ದುಡಿಯುತ್ತಿರುವ ಎಪಿಡಿ, ಆಮೇಲೆ ಬಂದ ಸಮರ್ಥನಂ, ಎನೇಬಲ್ ಇಂಡಿಯಾ ಮುಂತಾದ ಸಂಸ್ಥೆಗಳು ತರಬೇತಿ ಕೊಟ್ಟು ಉದ್ಯೋಗಕ್ಕೆ ದಾರಿ ಮಾಡಿಕೊಡುತ್ತ ಬಂದಿವೆ. ಕೇಂದ್ರ ಸರ್ಕಾರದ, ಅಂಗವಿಕಲರಿಗಾಗಿ ಇರುವ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವೂ ಬೆಂಗಳೂರಿನಲ್ಲಿಯೇ ಇದೆ. ಸಾರಿಗೆ ನಿಗಮ ಕೊಡುವ ರಿಯಾಯಿತಿ ಪಾಸು ಮಾತ್ರ ವಾಸಸ್ಥಳದಿಂದ 100 ಕಿಲೋಮೀಟರ್ ದಾಟುವುದಿಲ್ಲ. ಹಾವೇರಿಯವರಿಗೆ ಅದು ಹುಬ್ಬಳ್ಳಿಯವರೆಗೆ, ದಾವಣಗೆರೆಯವರೆಗೆ ಸಾಕು. ತರಬೇತಿಯ ಅವಕಾಶಗಳು ಕಲೆತಿರುವ ಊರಿಗೆ ಸಾಲದು.

ವೃತ್ತಿ ತರಬೇತಿಯ ಹೆಸರಿನಲ್ಲಿ ನಡೆಯುವುದರ ಬಗ್ಗೆಯೂ ಸ್ವಲ್ಪ ನಿಷ್ಠುರವಾಗಿ ಬರೆಯಬೇಕಾಗಿದೆ. ಬೌದ್ಧಿಕ ಅಸಾಮರ್ಥ್ಯವುಳ್ಳವರಿಗೆ ಎಷ್ಟೋ ಕಡೆ ಇಂದಿಗೂ ಕಲಿಸುವುದು ಮೇಣದಬತ್ತಿ, ಪೇಪರ್ ಕವರ್, ಫಿನಾಯಿಲ್, ಕಾಲೊರಸು. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ಜಿಲ್ಲಾ ಕೇಂದ್ರದಲ್ಲಿ ಮಳಿಗೆ ಹಾಕಿ, ಬಂದ ಗಣ್ಯರು ಒಂದೊಂದು ಕೊಂಡುಹೋದರೆ ಆ ವರ್ಷದ ವ್ಯಾಪಾರ ಮುಗಿಯಿತು. ಊರಿನಲ್ಲಿ ಯಾರಿಗೆ ಏನು ಬೇಕು ಎಂಬುದನ್ನು ನೋಡಿ ಕಲಿಸಿದ ತರಬೇತಿ ಅಲ್ಲ ಅದು. ಹಾವೇರಿ, ಬ್ಯಾಡಗಿ ಕಡೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ಬಣ್ಣ ನೋಡಿ ಬೇರ್ಪಡಿಸುವ ಕೆಲಸಕ್ಕೆ ಹಂಗಾಮಿನಲ್ಲಿ ಕೈಗಳು ಸಾಲುವುದಿಲ್ಲ. ಒಂದೇ ಕೆಲಸವನ್ನು ಗಂಟೆಗಟ್ಟಲೆ ತಪ್ಪಿಲ್ಲದೆ ಮಾಡಬಲ್ಲ ಹುಡುಗನ ವಿಷಯ ಹಿಂದೆ ಬರೆದೆನಲ್ಲ, ಅಂಥವನಿಗೆ ಧೂಳು ಒಗ್ಗುವುದಾದರೆ, ಜೊತೆಗೊಬ್ಬರು ಮೊದಲ ಕೆಲವು ವಾರ ನಿಂತು ತೋರಿಸಿಕೊಟ್ಟರೆ, ಅಲ್ಲಿ ಕೂಲಿ ಸಿಗುತ್ತದೆ. ಹಾಲಿನ ಡೇರಿ, ನರ್ಸರಿ, ಹೋಟೆಲ್ಲಿನ ಅಡುಗೆಮನೆ, ಗೋದಾಮು, ಜೆರಾಕ್ಸ್ ಅಂಗಡಿ ಎಲ್ಲವೂ ಹೀಗೆಯೇ. ಕೆಲಸ ಮತ್ತು ವ್ಯಕ್ತಿಯನ್ನು ಜೋಡಿಸುವವರು ಬೇಕು. ಕೂಲಿ ಪೂರ್ತಿ ಸಿಗಬೇಕು ಎಂಬುದನ್ನೂ ಅವರೇ ನೋಡಿಕೊಳ್ಳಬೇಕು. ‘ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ವಾಸಿ’ ಎಂದು ಅರ್ಧ ಕೂಲಿ ಕೊಡುವ ಯಜಮಾನರಿಗೆ ನಮ್ಮಲ್ಲಿ ಬರವಿಲ್ಲ.

ನನ್ನ ಸೂಚನೆ ಹೊಸ ಇಲಾಖೆಯದೂ ಅಲ್ಲ, ಹೊಸ ಯೋಜನೆಯದೂ ಅಲ್ಲ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಈಗಾಗಲೇ ಇದ್ದಾರೆ. ಅವರೂ ಅಂಗವಿಕಲರೇ ಆಗಿರುವುದರಿಂದ ಕಚೇರಿಗಳ ಮೆಟ್ಟಿಲು ಎಷ್ಟು ಎತ್ತರ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಡೆ ಶಿಕ್ಷಣ ಇಲಾಖೆಯ ಬಿ.ಐ.ಇ.ಆರ್.ಟಿ., ಇನ್ನೊಂದು ಕಡೆ ವಿಕಲಚೇತನರ ಇಲಾಖೆಯ ಪುನರ್ವಸತಿ ಕಾರ್ಯಕರ್ತ. ಇಬ್ಬರೂ ಒಂದೇ ಮನೆಯನ್ನು ಬಲ್ಲವರು, ಆದರೆ ಒಬ್ಬರು ಇನ್ನೊಬ್ಬರಿಗೆ ಕಡತವನ್ನು ಒಪ್ಪಿಸಬೇಕೆಂಬ ಆದೇಶ ನಾನು ಕೆಲಸ ಮಾಡಿದ ಕಾಲದಲ್ಲಿ ನಮ್ಮ ಶಾಲೆಗೆ ಎಂದೂ ಬರಲಿಲ್ಲ. ಮಗು ಎಂಟನೆಯ ತರಗತಿಗೆ ಬಂದ ವರ್ಷವೇ ಈ ಇಬ್ಬರೂ, ಪೋಷಕರೂ, ಮುಖ್ಯವಾಗಿ ಆ ಮಗುವೂ ಒಟ್ಟಿಗೆ ಕೂತು, ಮುಂದೇನು ಎಂಬುದನ್ನು ಎರಡು ಪುಟಗಳಲ್ಲಿ ಬರೆಯಬೇಕು. ಹತ್ತು ಮುಗಿಸಬಲ್ಲದೇ, ಮುಗಿಸದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆಯೇ, ಯಾವ ಕೆಲಸದಲ್ಲಿ ಆಸಕ್ತಿ, ಒಬ್ಬರೇ ಬಸ್ ಹತ್ತಿ ಹೋಗಲು ಕಲಿಸಬೇಕೇ, 18ಕ್ಕೆ ಬೇಕಾಗುವ ಪ್ರಮಾಣಪತ್ರ ಮತ್ತು ಬ್ಯಾಂಕಿನ ಕೆಲಸಗಳನ್ನು ಯಾವಾಗ ಆರಂಭಿಸಬೇಕು, ಎಲ್ಲವೂ ಅದರಲ್ಲಿರಲಿ. ವರ್ಷಕ್ಕೊಮ್ಮೆ ತಿದ್ದಲಿ. ಶಾಲೆ ಬಿಡುವ ದಿನ ಆ ಕಡತ ಸಹಿಯೊಂದಿಗೆ ಪುನರ್ವಸತಿ ಕಾರ್ಯಕರ್ತರಿಗೆ ಹಸ್ತಾಂತರವಾಗಲಿ, ಮತ್ತು ವ್ಯಕ್ತಿಗೆ ಕನಿಷ್ಠ 21 ವರ್ಷ ತುಂಬುವವರೆಗೆ ಅದಕ್ಕೆ ಅವರೇ ಜವಾಬ್ದಾರರಾಗಿರಲಿ.

ಅಮೆರಿಕದ ವಿಶೇಷ ಶಿಕ್ಷಣ ಕಾನೂನು, ವಿದ್ಯಾರ್ಥಿಗೆ 16 ವರ್ಷ ತುಂಬುವಷ್ಟರಲ್ಲಿ ಶಾಲೆಯ ನಂತರದ ಜೀವನದ ಗುರಿಗಳನ್ನು ಆತನ ಶೈಕ್ಷಣಿಕ ಯೋಜನೆಯಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿದೆ. ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯ ನಂತರ ಅಗತ್ಯವಿದ್ದವರ ಶಿಕ್ಷಣ ಮತ್ತು ಆರೈಕೆಯ ಯೋಜನೆ 25 ವರ್ಷದವರೆಗೂ ಮುಂದುವರಿಯಬಹುದು. ಅಲ್ಲಿನ ಹಣ, ಅಲ್ಲಿನ ಸಿಬ್ಬಂದಿ ನಮ್ಮಲ್ಲಿಲ್ಲ. ಆದರೆ ಮುಂದಿನ ಜವಾಬ್ದಾರಿ ಯಾರದು ಎಂದು ಕಾಗದದ ಮೇಲೆ ಒಂದು ಹೆಸರು ಬರೆಯಲು ಅಷ್ಟು ಹಣ ಬೇಕಾಗಿಯೂ ಇಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳು ನನಗೆ ಗೊತ್ತು. ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುವವರು, ಸೇವಾ ಭದ್ರತೆ ಇಲ್ಲದವರು. ಅವರ ಮೇಲೆ ಇನ್ನೊಂದು ಹೊರೆ ಹಾಕುವುದು ನ್ಯಾಯವೇ ಎಂಬುದು ಮೊದಲನೆಯದು. ಇದು ನಿಜವಾದ ಆಕ್ಷೇಪ. ಹೊರೆ ಹಾಕುವುದಾದರೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು, ಹಾಗೆ ಕೊಡುವುದು ಸರ್ಕಾರಕ್ಕೆ ಅಸಾಧ್ಯವಾದ ಮೊತ್ತವೂ ಅಲ್ಲ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ನಾನು ಕಂಡ ಪಂಚಾಯಿತಿಗಳಲ್ಲಿ ಆ ಹಣ ಮಾರ್ಚ್ ತಿಂಗಳ ಕೊನೆಯಲ್ಲಿ ಫ್ಯಾನು, ಕುಕ್ಕರುಗಳ ರೂಪದಲ್ಲಿ ಹಂಚಿಹೋಗುತ್ತದೆ. ಅದೇ ಹಣದಲ್ಲಿ ಹುಡುಗಿಯೊಬ್ಬಳ ಒಂದು ವರ್ಷದ ಹಾಸ್ಟೆಲ್ ಖರ್ಚನ್ನೋ, ತರಬೇತಿಗೆ ಹೋಗಿಬರುವ ಆಟೋ ಬಾಡಿಗೆಯನ್ನೋ ಭರಿಸಿದರೆ ಆಕ್ಷೇಪಿಸುವವರಾರು? ಅಂಗವಿಕಲರ ಸಮನ್ವಯ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ಪೋಷಕರೇ ಎತ್ತಬಹುದು. ಮಕ್ಕಳ ವೈಯಕ್ತಿಕ ಮಾಹಿತಿ ಕಚೇರಿಯಿಂದ ಕಚೇರಿಗೆ ಹರಿದಾಡುತ್ತದೆ ಎಂಬ ಇನ್ನೊಂದು ಆತಂಕವೂ ಸರಿಯಾದದ್ದೇ. ಮಗುವಿನ ಮತ್ತು ಮನೆಯವರ ಒಪ್ಪಿಗೆಯಿಲ್ಲದೆ ಕಡತ ಹಸ್ತಾಂತರವಾಗಬಾರದು, ಮತ್ತು ಅದರ ಒಂದು ಪ್ರತಿ ಮನೆಯಲ್ಲಿರಬೇಕು.

ಇದಕ್ಕಿಂತ ಕಠಿಣವಾದದ್ದು ಹೆಣ್ಣುಮಕ್ಕಳ ಪ್ರಶ್ನೆ. ಶಾಲೆ ಇರುವವರೆಗೆ ಊರಿನ ಕಣ್ಣೆದುರು ಇರುವ ಹುಡುಗಿಯನ್ನು, ಶಾಲೆ ಮುಗಿದ ಮೇಲೆ ಮನೆಯೊಳಗೆ ಇಟ್ಟುಕೊಳ್ಳುವುದೇ ಸುರಕ್ಷಿತ ಎಂದು ತಂದೆತಾಯಿ ತೀರ್ಮಾನಿಸುತ್ತಾರೆ. ಅವರ ಭಯ ಸುಳ್ಳಲ್ಲ, ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಆ ಮನೆಗಳಲ್ಲಿ ಒಂದು ದಿನ ಕಳೆದವರಲ್ಲ. ಶೌಚಾಲಯವಿರುವ, ನಂಬಿಕಸ್ಥ ಮಹಿಳೆಯೊಬ್ಬರು ಇರುವ, ಮನೆಯಿಂದ ಹೋಗಿಬರಲು ವಾಹನವಿರುವ ಕೆಲಸದ ಜಾಗ ಹತ್ತಿರದಲ್ಲಿ ಸಿಕ್ಕರೆ ಮನೆಯವರು ಕಳಿಸುತ್ತಾರೆ. ಸ್ತ್ರೀಶಕ್ತಿ ಸಂಘಗಳು, ಸಂಜೀವಿನಿ ಒಕ್ಕೂಟಗಳು ಹಳ್ಳಿಹಳ್ಳಿಯಲ್ಲಿವೆ. ತಮ್ಮ ರೊಟ್ಟಿ ಕೇಂದ್ರದಲ್ಲಿ, ಹೊಲಿಗೆ ಘಟಕದಲ್ಲಿ ಅಂಥ ಒಬ್ಬಳಿಗೆ ಜಾಗ ಮಾಡಿಕೊಡಿ ಎಂದು ಆ ಸಂಘಗಳನ್ನು ಅಧಿಕೃತವಾಗಿ ಕೇಳಿದವರೇ ಕಡಿಮೆ. ‘ನಾವಿರೂತನಕ ನಾವ ನೋಡ್ಕೋತೀವಿ, ಆಮ್ಯಾಲ?’ ಎಂದು ತಾಯಂದಿರು ಕೇಳುವ ಪ್ರಶ್ನೆಗೆ ಗುಂಪು ವಸತಿ, ನೆರೆಹೊರೆಯ ಆಸರೆಯಂಥ ಬೇರೆ ಉತ್ತರಗಳೂ ಬೇಕು. ಅದು ಪ್ರತ್ಯೇಕ ಪತ್ರಕ್ಕೆ ಸಲ್ಲುವ ವಿಷಯ.

ಖಾಸಗಿ ವಲಯದ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ. ನೌಕರರಲ್ಲಿ ಕನಿಷ್ಠ ಶೇ 5ರಷ್ಟು ಅಂಗವಿಕಲರಿರುವಂತೆ ಮಾಲೀಕರಿಗೆ ಪ್ರೋತ್ಸಾಹಧನ ಕೊಡಬೇಕೆಂದು ನಮ್ಮ 2016ರ ಕಾಯ್ದೆಯ 35ನೇ ಸೆಕ್ಷನ್ ಹೇಳುತ್ತದೆಯಾದರೂ, ಜಿಲ್ಲೆಯ ಸಣ್ಣ ಉದ್ದಿಮೆದಾರರಲ್ಲಿ ಅದನ್ನು ಕೇಳಿದವರನ್ನು ನಾನು ಇನ್ನೂ ಭೇಟಿಯಾಗಿಲ್ಲ.

ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರೂ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ನಿರ್ದೇಶಕರೂ ಜಂಟಿಯಾಗಿ ಸಹಿ ಹಾಕಿದ ಒಂದು ಸುತ್ತೋಲೆ ಈ ಕೆಲಸದ ಆರಂಭಕ್ಕೆ ಸಾಕಾಗುತ್ತದೆ. ಮೊದಲ ವರ್ಷ ಎಲ್ಲ ಜಿಲ್ಲೆಗಳೂ ಬೇಡ, ಪ್ರತಿ ವಿಭಾಗದಿಂದ ಒಂದು ತಾಲ್ಲೂಕನ್ನು ತೆಗೆದುಕೊಳ್ಳಲಿ. ಎಂಟನೆಯ ತರಗತಿಯ ದಾಖಲಾತಿ ಮುಗಿಯುವ ಹೊತ್ತಿಗೆ ಸ್ಯಾಟ್ಸ್‌ನಿಂದ ಪಟ್ಟಿ ತೆಗೆದು ಇಬ್ಬರು ಸಿಬ್ಬಂದಿಯ ಹೆಸರನ್ನು ಪ್ರತಿ ಮಗುವಿನ ಮುಂದೆ ನಮೂದಿಸಿದರೆ, ಆ ಮಕ್ಕಳು ಹತ್ತನೆಯ ತರಗತಿ ದಾಟುವಾಗ ಮೊದಲ ಹಸ್ತಾಂತರ ನಡೆಯುತ್ತದೆ. ಆ ತಾಲ್ಲೂಕುಗಳಲ್ಲಿ ಎಷ್ಟು ಕಡತಗಳು ಕೈ ಬದಲಾದವು, ಆ ಹುಡುಗ ಹುಡುಗಿಯರು ಒಂದು ವರ್ಷದ ನಂತರ ಎಲ್ಲಿದ್ದಾರೆ ಎಂಬ ವಿವರವನ್ನು ಇಲಾಖೆ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ತಮ್ಮ ಜಿಲ್ಲಾ ವರದಿಗಾರರು ಹೋಗಿ ಕೇಳಬೇಕೆಂದು ನನ್ನ ವಿನಂತಿ.

ಇತಿ,
ನಿವೃತ್ತ ಪ್ರೌಢಶಾಲಾ ಮುಖ್ಯೋಪಾಧ್ಯಾಯ,
ಹಾವೇರಿ ಜಿಲ್ಲೆ